ಮಾಮ, ರವೆ ಎಲ್ಲೋ? ತಪ್ಪಾಗಿ ಕಿವಿಗೆ ಬಿದ್ದ ಹಾಡುಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಡಿನ ಸಾಲನ್ನು ಯಾರಾದರೂ ತಪ್ಪಾಗಿ ಹಾಡಿದರೆ ನಾನು ನಗುವುದಿಲ್ಲ, ಜೇಬಿನಿಂದ ನೋಟ್‌ಬುಕ್ ತೆಗೆಯುತ್ತೇನೆ. ಇದು ಹಲವು ವರ್ಷಗಳ ಚಾಳಿ. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಗಣೇಶನ ಪೆಂಡಾಲಿನಲ್ಲಿ ಹೀಗೆ ಬರೆದುಕೊಳ್ಳುವುದನ್ನು ನೋಡಿದವರು ಸುಮಾರಾಗಿ ಒಂದೇ ಥರದ ಪ್ರಶ್ನೆಗಳನ್ನು ಕೇಳುತ್ತಾರೆ. ಅವಕ್ಕೆ ಇಲ್ಲಿ ಒಟ್ಟಿಗೆ ಉತ್ತರ ಬರೆದಿಟ್ಟಿದ್ದೇನೆ.

ಮೊದಲು ಇದನ್ನು ಹೇಳಿ, ಆ ರವೆ ಎಲ್ಲಿಂದ ಬಂತು?

1975ರ ‘ದೇವರ ಗುಡಿ’ ಚಿತ್ರದಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಹಾಡಿದ, ರಾಜನ್-ನಾಗೇಂದ್ರ ಸಂಗೀತದ ಹಾಡು: “ಮಾಮರವೆಲ್ಲೋ ಕೋಗಿಲೆಯೆಲ್ಲೋ.” ಮಾಮರ ಅಂದರೆ ಮಾವಿನ ಮರ. ಮರ ಎಲ್ಲೋ ಇರುತ್ತದೆ, ಕೋಗಿಲೆ ಇನ್ನೆಲ್ಲೋ ಇರುತ್ತದೆ, ಆದರೂ ಇದೇನು ನಂಟು ಅಂತ ಬೆರಗುಪಡುವ ಸಾಲು.

ನಮ್ಮ ಮನೆಯಲ್ಲಿ ರೇಡಿಯೋ ಇದ್ದದ್ದು ಅಡುಗೆಮನೆಯ ಗೂಡಿನಲ್ಲಿ, ರವೆ ಡಬ್ಬಿಯ ಪಕ್ಕ. ಅಂಗಡಿ ಸಾಮಾನು ತರುತ್ತಿದ್ದವರು ನನ್ನ ಸೋದರಮಾವ. ಐದು ವರ್ಷದ ನನಗೆ ಈ ಹಾಡಿನಲ್ಲಿ ಯಾವ ಗೊಂದಲವೂ ಇರಲಿಲ್ಲ. ಯಾರೋ ಹುಡುಗ ಕೇಳುತ್ತಿದ್ದಾನೆ: “ಮಾಮ, ರವೆ ಎಲ್ಲೋ?” ಉಪ್ಪಿಟ್ಟಿಗೆ ಒಲೆ ಹೊತ್ತಿಸಿಯಾಗಿದೆ, ಮಾಮ ಇನ್ನೂ ಬಂದಿಲ್ಲ. ಕೋಗಿಲೆ ಯಾಕೆ ಬಂತು? ರವೆ ತಿಂದು ಹಾರಿಹೋಗಿದ್ದು ಅದೇ. ಆಮೇಲೆ ಬರುವ ಸ್ನೇಹ ಸಂಬಂಧದ ಮಾತು ರವೆ ವಿಷಯಕ್ಕೆ ಮಾಮನ ಜೊತೆ ಆದ ಜಗಳ. ಕಥೆ ಸಲೀಸಾಗಿ ಕೂತಿತ್ತು. ನನಗಿದ್ದ ತಕರಾರು ಒಂದೇ: ಆ ಹುಡುಗ ಮಾಮನಿಗೆ “ಎಲ್ಲೋ” ಅನ್ನುತ್ತಾನಲ್ಲ, ಅವರ ಮನೆಯಲ್ಲಿ ಯಾರೂ ಬೈಯುವುದಿಲ್ಲವಾ? ನಾನು ಹಾಗೆ ಅಂದಿದ್ದರೆ ಬೆನ್ನಿಗೆ ಬೀಳುತ್ತಿತ್ತು.

“ಎಲ್ಲೋ” ಅನ್ನುವುದಕ್ಕೆ “ಯಾವುದೋ ಜಾಗದಲ್ಲಿ” ಅನ್ನುವ ಅರ್ಥವೂ ಉಂಟು ಅಂತ ಹೊಳೆದದ್ದು ಹೈಸ್ಕೂಲಿಗೆ ಬಂದ ಮೇಲೆ.

ಇಂಥ ತಪ್ಪಿಗೆ ಏನಾದರೂ ಹೆಸರಿದೆಯೇ?

ಇಂಗ್ಲಿಷಿನಲ್ಲಿ ‘ಮಾಂಡಗ್ರೀನ್’ ಅನ್ನುತ್ತಾರೆ. ಸಿಲ್ವಿಯಾ ರೈಟ್ ಎಂಬ ಅಮೆರಿಕದ ಲೇಖಕಿ 1954ರ ನವೆಂಬರಿನ ಹಾರ್ಪರ್ಸ್ ಪತ್ರಿಕೆಯಲ್ಲಿ ಕೊಟ್ಟ ಹೆಸರು. ಚಿಕ್ಕವಳಿದ್ದಾಗ ಆಕೆಗೆ ತಾಯಿ ಒಂದು ಸ್ಕಾಟಿಷ್ ಲಾವಣಿಯನ್ನು ಓದಿ ಹೇಳುತ್ತಿದ್ದರು. ಶತ್ರುಗಳು ಮರೇ ಸೀಮೆಯ ಅರ್ಲನನ್ನು, ಅಂದರೆ ಅಲ್ಲಿನ ದೊರೆಯನ್ನು, ಕೊಂದು “ಲೇಯ್ಡ್ ಹಿಮ್ ಆನ್ ದ ಗ್ರೀನ್”, ಅಂದರೆ ಹುಲ್ಲಿನ ಮೇಲೆ ಮಲಗಿಸಿದರು. ಹುಡುಗಿಯ ಕಿವಿಗೆ ಬಿದ್ದದ್ದು “ಲೇಡಿ ಮಾಂಡಗ್ರೀನ್”. ಪಾಪ, ಅರ್ಲನ ಜೊತೆ ಆತನ ಪ್ರೇಯಸಿಯೂ ಸತ್ತಳು ಅಂತ ಆಕೆ ಮರುಗಿದಳು. ದೊಡ್ಡವಳಾಗಿ ನಿಜ ತಿಳಿದಾಗ ತನ್ನ ಲೇಡಿಯನ್ನು ಬಿಟ್ಟುಕೊಡಲು ಒಪ್ಪಲಿಲ್ಲ. ಜಪಾನಿನಲ್ಲಿ ಇದು ‘ಸೊರಮಿಮಿ’, ಖಾಲಿ ಕಿವಿ.

ಕನ್ನಡದಲ್ಲಿ ಕಣ್ತಪ್ಪು ಇದೆ, ಬಾಯ್ತಪ್ಪು ಇದೆ, ಕೈತಪ್ಪು ಇದೆ. ಅದೇ ಜಾಡಿನಲ್ಲಿ ನಾನು ‘ಕಿವಿತಪ್ಪು’ ಅನ್ನುತ್ತೇನೆ. ನಿಮಗೆ ಬೇರೆ ಪದ ಇಷ್ಟವಾದರೆ ಅದನ್ನೇ ಇಟ್ಟುಕೊಳ್ಳಿ.

ಇದು ಕಿವಿ ಮಂದವಾದವರ ಸಮಸ್ಯೆ ಅಲ್ಲವೇ?

ಅಲ್ಲ. ನನ್ನ ಅನುಮಾನವೆಲ್ಲ ಸಂಧಿಯ ಮೇಲೆ. ಕಾಗದದ ಮೇಲೆ ಪದಕ್ಕೂ ಪದಕ್ಕೂ ನಡುವೆ ಜಾಗ ಬಿಡುತ್ತೇವೆ. ಬಾಯಲ್ಲಿ ಬಿಡುವುದಿಲ್ಲ. ಅದರ ಮೇಲೆ ಕನ್ನಡದಲ್ಲಿ ಲೋಪ, ಆಗಮ, ಆದೇಶ ಅಂತ ಮೂರು ಬೆಸುಗೆಗಳು. ಇನ್ನು ಸಂಗೀತ ನಿರ್ದೇಶಕರು ಸಾಲನ್ನು ಒಡೆಯುವುದು ತಾಳ ನೋಡಿ, ಪದ ನೋಡಿ ಅಲ್ಲ. ಎಲ್ಲಿ ಕತ್ತರಿ ಹಾಕಬೇಕು ಅನ್ನುವ ಕೆಲಸ ಕೇಳುವವನ ತಲೆಗೆ ಬಿತ್ತು.

“ಮಾಮರವು ಎಲ್ಲೋ” ಅನ್ನುವುದರಲ್ಲಿ ಉಕಾರ ಬಿದ್ದುಹೋಗಿ “ಮಾಮರವೆಲ್ಲೋ” ಆಯಿತು. ಲೋಪಸಂಧಿ. “ರವೆ ಎಲ್ಲೋ” ಅನ್ನುವುದನ್ನು ಬೇಗ ಅಂದರೆ “ರವೆಲ್ಲೋ”. ಅದೂ ಲೋಪಸಂಧಿಯೇ! ವ್ಯಾಕರಣದ ಮೇಷ್ಟ್ರು ನನ್ನ ಐದು ವರ್ಷದ ಕಿವಿಗೆ ಪೂರ್ತಿ ಅಂಕ ಕೊಡಬೇಕಾಗುತ್ತದೆ.

ಇದು ಇವತ್ತಿನ ಕಥೆಯೂ ಅಲ್ಲ. ಹನ್ನೊಂದನೇ ಶತಮಾನದ ಸೋಮದೇವನ ಕಥಾಸರಿತ್ಸಾಗರದಲ್ಲಿ ಸಾತವಾಹನ ರಾಜನೊಬ್ಬ ರಾಣಿಯರ ಜೊತೆ ನೀರಾಟ ಆಡುತ್ತಿರುತ್ತಾನೆ. ನೀರೆರಚಿಸಿಕೊಂಡು ಸುಸ್ತಾದ ಒಬ್ಬ ರಾಣಿ “ಮೋದಕೈಃ” ಅಂತ ಶುರುಮಾಡಿ ಏನೋ ಹೇಳುತ್ತಾಳೆ. ರಾಜ ತಕ್ಷಣ ಅಡುಗೆಯವರಿಗೆ ಹೇಳಿ ತಟ್ಟೆಗಟ್ಟಲೆ ಮೋದಕ ತರಿಸುತ್ತಾನೆ. ರಾಣಿ ಬಿದ್ದು ಬಿದ್ದು ನಗುತ್ತಾಳೆ. ಅವಳು ಹೇಳಿದ್ದು “ಮಾ ಉದಕೈಃ”, ನೀರು ಎರಚಬೇಡ ಅಂತ. ಆಕಾರದ ಮುಂದೆ ಉಕಾರ ಬಂದು ಓಕಾರ ಆಗಿದೆ, ಗುಣಸಂಧಿ. ರಾಜ ಮೋದಕ ತಿಂದನೋ ಇಲ್ಲವೋ, ಅವಮಾನವನ್ನಂತೂ ನುಂಗಲಾರದೆ ಹಾಸಿಗೆ ಹಿಡಿಯುತ್ತಾನೆ. ಆಸ್ಥಾನದ ಪಂಡಿತ ಗುಣಾಢ್ಯ ಆರು ವರ್ಷದಲ್ಲಿ ವ್ಯಾಕರಣ ಕಲಿಸುತ್ತೇನೆ ಅನ್ನುತ್ತಾನೆ, ಇನ್ನೊಬ್ಬ ಪಂಡಿತ ಶರ್ವವರ್ಮ ಆರೇ ತಿಂಗಳು ಸಾಕು ಅನ್ನುತ್ತಾನೆ. ಪಂದ್ಯದಲ್ಲಿ ಸೋತ ಗುಣಾಢ್ಯ ಸಂಸ್ಕೃತವನ್ನೇ ಬಿಟ್ಟು ಕಾಡು ಸೇರಿ ಪೈಶಾಚಿ ಅನ್ನುವ ಭಾಷೆಯಲ್ಲಿ ಬೃಹತ್ಕಥೆ ಬರೆಯುತ್ತಾನೆ. ನಮ್ಮ ದುರ್ಗಸಿಂಹ ತನ್ನ ಕನ್ನಡ ಪಂಚತಂತ್ರದ ಬೇರು ಆ ಬೃಹತ್ಕಥೆಯಲ್ಲೇ ಇದೆ ಅಂತ ಹೇಳಿಕೊಂಡಿದ್ದಾನೆ. ಕಥೆಯ ಮಟ್ಟಿಗೆ ನೋಡಿದರೆ, ಒಬ್ಬ ರಾಜನ ಕಿವಿತಪ್ಪಿನಿಂದ ಇಷ್ಟೆಲ್ಲ ಆಯಿತು.

ಶಾಲೆಯ ಪ್ರಾರ್ಥನೆಯಲ್ಲಿ ಅತಿ ಹೆಚ್ಚು ತಪ್ಪು ಆಗುವುದು ಯಾವುದರಲ್ಲಿ?

ನಾಡಗೀತೆಯಲ್ಲಿ, ಅನುಮಾನವೇ ಇಲ್ಲ. ಕುವೆಂಪು ಅವರ ಈ ಕವಿತೆ 2004ರಲ್ಲಿ ಅಧಿಕೃತ ನಾಡಗೀತೆಯಾಯಿತು. ಅದಕ್ಕೂ ಎಷ್ಟೋ ಮೊದಲಿನಿಂದ ಶಾಲೆಗಳಲ್ಲಿ ಹಾಡಿಸುತ್ತಿದ್ದರು. ಬಿಸಿಲಿಗೆ ಸಾಲಾಗಿ ನಿಂತ ಒಂದನೇ ಕ್ಲಾಸಿನ ಮಗುವಿಗೆ “ತನುಜಾತೆ” ಅಂದರೆ ಮಗಳು ಅಂತ ಯಾರು ಹೇಳಬೇಕು? ನನಗೆ ಅದು ವರ್ಷಗಟ್ಟಲೆ “ತನು ಜಾತ್ರೆ” ಆಗಿತ್ತು. ಭಾರತ ಜನನಿಯ ಜಾತ್ರೆ, ಕರ್ನಾಟಕ ಮಾತೆಯೂ ಬಂದಿದ್ದಾಳೆ, ಬೆಂಡು ಬತ್ತಾಸು ಇದ್ದೇ ಇರುತ್ತದೆ.

“ಡಂಕಣ ಜಕಣರ ನಚ್ಚಿನ ಬೀಡೆ” ಅನ್ನುವ ಕಡೆ ನಮ್ಮ ಕ್ಲಾಸಿನಲ್ಲಿ ಅರ್ಧ ಜನ “ಮೆಚ್ಚಿನ ಬೀಡಾ” ಅನ್ನುತ್ತಿದ್ದರು. ನಾಡೆ, ಬೀಡೆ, ಗಣಿಯೆ ಇವೆಲ್ಲ ಸಂಬೋಧನೆಗಳು, ಎಲೈ ನಾಡೇ ಅಂತ ಕರೆಯುವುದು. ಮಕ್ಕಳಿಗೆ ಅದು ಕಾಣುವುದಿಲ್ಲ. ಜಕಣಾಚಾರಿ ಕಲ್ಲು ಕೆತ್ತಿ ದಣಿದು ಬೀಡಾ ಹಾಕಿಕೊಳ್ಳುವುದು ಚೆನ್ನಾಗಿ ಕಾಣುತ್ತದೆ.

ಎಲ್ಲಕ್ಕಿಂತ ಸೊಗಸಾದದ್ದು ಕೊನೆಗೆ ಬರುತ್ತದೆ: “ಜನಕನ ಹೋಲುವ ದೊರೆಗಳ ಧಾಮ, ಗಾಯಕ ವೈಣಿಕರಾರಾಮ.” ಈ ಆರಾಮ ಅಂದರೆ ಉದ್ಯಾನ. ಹಾಡುಗಾರರು, ವೀಣೆ ನುಡಿಸುವವರು ವಿಹರಿಸುವ ತೋಟ. ಮಗು ಆಗತಾನೆ ಜನಕನ ಹೆಸರು ಕೇಳಿದೆ. ಜನಕ ಬಂದ ಮೇಲೆ ಯಾರು ಬರಬೇಕು? ರಾಮ. ಬಂದೇಬಿಟ್ಟ, “ವೈಣಿಕರ ರಾಮ”. ಹುಬ್ಬಳ್ಳಿ ಕಡೆಯ ನನ್ನ ಗೆಳೆಯನಿಗೆ ಇದು ಇನ್ನೂ ಬೇರೆ. “ಆರಾಮ ಅದೀರಿ?” ಅಂತ ಬೆಳಗಾದರೆ ಕೇಳುವ ಊರಿನವನು ಅವನು. ಗಾಯಕರು, ವೈಣಿಕರು ಎಲ್ಲರೂ ಆರಾಮ ಇದ್ದಾರೆ ಅಂತ ಅವನ ತಿಳಿವಳಿಕೆ. ಯೋಚಿಸಿದರೆ ಕವಿ ಹೇಳಿದ್ದಕ್ಕೆ ಅವನೇ ಹತ್ತಿರ.

ಪದ ಸರಿಯಾಗಿ ಕೇಳಿಸಿ ಅರ್ಥ ಮಾತ್ರ ತಪ್ಪಾದರೆ ಅದೂ ಈ ಲೆಕ್ಕಕ್ಕೆ ಬರುತ್ತದೆಯೇ?

ಪಂಡಿತರ ಲೆಕ್ಕದಲ್ಲಿ ಬರುವುದಿಲ್ಲ, ನನ್ನ ನೋಟ್‌ಬುಕ್ಕಿನಲ್ಲಿ ಬರುತ್ತದೆ. ಅವಕ್ಕೆ ಬೇರೆ ಪುಟವಿದೆ, ಅದೇ ಬೇಗ ತುಂಬುತ್ತದೆ.

ಸಂಗೀತ ಕಲಿಯಲು ಹೋದ ಪ್ರತಿಯೊಂದು ಮಗುವೂ ಹಾಡುವ ಪಿಳ್ಳಾರಿ ಗೀತೆಯಲ್ಲಿ ಗಣೇಶ “ಸಿಂಧೂರ ವರ್ಣ”, ಆಮೇಲೆ “ಕರಿವದನ”. ಮೈ ಕೆಂಪು, ಮುಖ ಕಪ್ಪು? ಸಂಸ್ಕೃತದ ಕರಿ ಆನೆ, ಕನ್ನಡದ ಕರಿ ಕಪ್ಪು. ನಮ್ಮ ದೊಡ್ಡಮ್ಮನ ಮಗಳು ಬಣ್ಣದ ಪೆನ್ಸಿಲ್ಲಿನಲ್ಲಿ ಹಾಗೇ ಬರೆದಿದ್ದಳು, ಕೆಂಪು ಹೊಟ್ಟೆಗೆ ಕಪ್ಪು ಮುಖ. ಸಂಗೀತದ ಮೇಡಂ ನೋಡಿ ಒಂದು ನಿಮಿಷ ಏನೂ ಮಾತಾಡಲಿಲ್ಲವಂತೆ.

“ಭಾಗ್ಯದ ಲಕ್ಷ್ಮೀ ಬಾರಮ್ಮ” ಹಾಡಿನಲ್ಲಿ “ಕನಕವೃಷ್ಟಿಯ ಕರೆಯುತ ಬಾರೆ” ಅಂತ ಪುರಂದರದಾಸರು ಹೇಳುವಾಗ ಲಕ್ಷ್ಮಿ ಚಿನ್ನದ ಮಳೆಯನ್ನು “ಬಾ ಬಾ” ಅಂತ ಕೂಗಿ ಕರೆಯುತ್ತಾಳೆ ಅಂದುಕೊಂಡವರು ದೊಡ್ಡವರಲ್ಲೂ ಇದ್ದಾರೆ. ಈ ಕರೆ ಮಳೆಗರೆಯುವ ಕರೆ, ಹಾಲು ಕರೆಯುವ ಕರೆ. ಸುರಿಸುತ್ತ ಬಾ ಅಂತ. ಹಸು ಕರೆಯುವ ಮನೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಸವಣ್ಣನವರ “ಕಳಬೇಡ”ವನ್ನು ಪೆನ್ಸಿಲ್ ಕಳೆಯಬೇಡ ಅಂತ ತಿಳಿಯದ ಮಗು ನನಗಿನ್ನೂ ಸಿಕ್ಕಿಲ್ಲ. ಕದಿಯಬೇಡ ಅನ್ನುವುದು ಅಮ್ಮ ಹೇಳಬೇಕಾಗಿ ಬರುವುದೇ ಅಪರೂಪ, ಕಳೆಯಬೇಡ ಅನ್ನುವುದು ದಿನಾ ಹೇಳುವ ಮಾತು. “ಕನ್ನಡ ನಾಡಿನ ವೀರರಮಣಿಯ” ಅಂತ 1972ರ ‘ನಾಗರಹಾವು’ ಚಿತ್ರದಲ್ಲಿ ಪಿ.ಬಿ. ಶ್ರೀನಿವಾಸ್ ಹಾಡುವುದು ಒನಕೆ ಓಬವ್ವನ ಬಗ್ಗೆ. ನಮ್ಮ ಬೀದಿಯಲ್ಲಿ ರಮಣಿ ಅಂತಲೇ ಒಬ್ಬ ಆಂಟಿ ಇದ್ದರು, ನೀರಿನ ಟ್ಯಾಂಕರ್ ಬಂದಾಗ ಕೊಡ ಹಿಡಿದು ಜಗಳಕ್ಕೆ ನಿಲ್ಲುವವರು. ಹಾಡು ಅವರ ಮೇಲೇ ಕಟ್ಟಿದ್ದು ಅಂತ ನಾವು ಹುಡುಗರು ತೀರ್ಮಾನ ಮಾಡಿಬಿಟ್ಟಿದ್ದೆವು.

ಕೆ.ಎಸ್. ನರಸಿಂಹಸ್ವಾಮಿಯವರ 1942ರ ಮೈಸೂರ ಮಲ್ಲಿಗೆಯಲ್ಲಿ ರಾಯರು ರಾತ್ರಿ ಹೊತ್ತಿನಲ್ಲಿ ಮಾವನ ಮನೆಗೆ ಬರುತ್ತಾರಲ್ಲ, ಅದರ ಕಥೆ ಕೇಳಿ. ಗುರುವಾರ ತಪ್ಪದೆ ಮಠಕ್ಕೆ ಹೋಗುವ ಮನೆಯಲ್ಲಿ ಬೆಳೆದ ನನ್ನ ಸಹೋದ್ಯೋಗಿಗೆ ರಾಯರು ಅಂದರೆ ಒಬ್ಬರೇ, ಮಂತ್ರಾಲಯದವರು. ಸನ್ಯಾಸಿಗಳು ಮಾವನ ಮನೆಗೆ, ಅದೂ ಅಪರಾತ್ರಿ! ಅವರು ಈ ಹಾಡು ಬಂದಾಗ ಭಯದಿಂದ ಕೈ ಮುಗಿಯುತ್ತಿದ್ದರಂತೆ. ಅದೇ ಕವಿತೆಯ “ಪದುಮಳು ಒಳಗಿಲ್ಲ” ಅನ್ನುವುದನ್ನು ಎಷ್ಟೋ ಜನ ಪದುಮ ಮನೆಯಲ್ಲಿಲ್ಲ, ಎಲ್ಲೋ ಹೋಗಿದ್ದಾಳೆ ಅಂತ ಓದಿಕೊಳ್ಳುತ್ತಾರೆ. ತಿಂಗಳಿಗೆ ಮೂರು ದಿನ ಹೆಂಗಸರು ಹೊರಗೆ ಕೂರುತ್ತಿದ್ದ ಕಾಲದವರಿಗೆ ಆ ಎರಡು ಪದ ಸಾಕಾಗಿತ್ತು. ಹೆಂಡತಿಯನ್ನು ನೋಡಲು ಅಷ್ಟು ದೂರ ಬಂದ ರಾಯರ ಮುಖ ಆಗ ಹೇಗಿದ್ದಿರಬೇಕು ಅಂತಲೂ ಗೊತ್ತಾಗುತ್ತಿತ್ತು.

ಉತ್ತರ ಕರ್ನಾಟಕದ ಪದಗಳು ದಕ್ಷಿಣದವರಿಗೆ ಹೆಚ್ಚು ಎಡವಟ್ಟು ಮಾಡುತ್ತವೆ, ನಿಜವೇ?

ನಿಜ. ಶಿಶುನಾಳ ಶರೀಫರ “ಕೋಡಗನ ಕೋಳಿ ನುಂಗಿತ್ತ” ಸಿ. ಅಶ್ವತ್ಥರ ದನಿಯಲ್ಲಿ ಮನೆಮನೆಗೂ ಹೋಯಿತು. ಬೆಂಗಳೂರಿನಲ್ಲಿ ಅದು “ಕೊಡಗಿನ ಕೋಳಿ” ಆಗಿ ಇಳಿಯಿತು. ಮಡಿಕೇರಿಯ ಯಾವುದೋ ನಾಟಿ ಕೋಳಿ ಏನನ್ನೋ ನುಂಗಿದೆ, ಏನನ್ನು ಅಂತ ಹೇಳಿಲ್ಲ. ಕೋಡಗ ಅಂದರೆ ಕೋತಿ. ಕೋತಿಯನ್ನು ಕೋಳಿ ನುಂಗಿತು. ಇಲ್ಲಿನ ತಮಾಷೆ ನೋಡಿ: ಕಿವಿತಪ್ಪು ಸಾಮಾನ್ಯವಾಗಿ ಅರ್ಥವಿದ್ದದ್ದನ್ನು ಅನರ್ಥ ಮಾಡುತ್ತದೆ. ಇಲ್ಲಿ ಶರೀಫರೇ ಬೇಕೆಂದು ಬೆಡಗು, ಅಂದರೆ ಒಗಟಿನಂಥ ಮಾತು, ಹಾಕಿದ್ದಾರೆ. ಆಡು ಆನೆಯನ್ನು ನುಂಗುತ್ತದೆ, ಗೋಡೆ ಸುಣ್ಣವನ್ನು ನುಂಗುತ್ತದೆ. ಕೊಡಗಿನ ಕೋಳಿ ಅಂದುಕೊಂಡವನು ಹಾಡಿಗೆ ಸ್ವಲ್ಪ ಬುದ್ಧಿ ತುಂಬಲು ಹೊರಟವನು. ಅದೇ ಹಾಡಿನಲ್ಲಿ ಮದ್ದಲೆಯ ಬಾಯಿಗೆ ಬೀಳುವ “ಪಾತರದವಳು” ಕುಣಿಯುವವಳು. ನಾವು ಅವಳನ್ನು ಪಾತ್ರೆ ಮಾರುವವಳು ಮಾಡಿದ್ದೆವು. ಹಳೇ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡಲು ಬರುತ್ತಿದ್ದಳಲ್ಲ, ಅವಳೇ.

“ಹಚ್ಚೇವು ಕನ್ನಡದ ದೀಪ”ದಲ್ಲಿ ಹಚ್ಚೆ ಹಾಕಿಸಿಕೊಂಡವರೂ ಇದ್ದಾರೆ. ತೋಳಿನ ಮೇಲೆ ದೀಪದ ಹಚ್ಚೆ. ಆ ಅರ್ಥ ನನಗೆ ಪೂರ್ತಿ ಕೆಟ್ಟದೇನೂ ಅನಿಸುವುದಿಲ್ಲ.

ಆದರೆ ಒಂದು ಸಲ ನಗು ಬರಲಿಲ್ಲ. ಒಂದು ರಿಸೆಪ್ಷನ್ನಿನಲ್ಲಿ ಆರ್ಕೆಸ್ಟ್ರಾದವರು ಬೇಂದ್ರೆಯವರ “ನೀ ಹೀಂಗ ನೋಡಬ್ಯಾಡ ನನ್ನ” ಹಾಡನ್ನು ಪ್ರೇಮಗೀತೆಯ ಧಾಟಿಯಲ್ಲಿ ಎತ್ತಿಕೊಂಡರು. ಗಾಯಕ ಮದುಮಗಳ ಕಡೆ ಕೈ ತೋರಿಸಿ ಕಣ್ಣು ಮಿಟುಕಿಸಿದ, ಗೆಳತಿಯರು ಶಿಳ್ಳೆ ಹಾಕಿದರು. ನನ್ನ ಎದುರಿಗೆ ಊಟಕ್ಕೆ ಕೂತಿದ್ದ ಧಾರವಾಡದ ಹಿರಿಯರೊಬ್ಬರು ಕೈಯಲ್ಲಿದ್ದ ಹೋಳಿಗೆಯ ಚೂರನ್ನು ಎಲೆಗೆ ವಾಪಸ್ಸು ಇಟ್ಟರು. ಅದು ಮಗುವನ್ನು ಕಳೆದುಕೊಂಡ ಅಪ್ಪ ಹೆಂಡತಿಯ ಕಣ್ಣನ್ನು ಎದುರಿಸಲಾರದೆ ಆಡುವ ಮಾತು. “ತಮ್ಮಾ, ಆ ಹುಡುಗಗ ಯಾರರ ಹೇಳ್ರೋ” ಅಂದರು. ಯಾರೂ ಎದ್ದು ಹೋಗಲಿಲ್ಲ, ನಾನೂ ಹೋಗಲಿಲ್ಲ. ಆ ರಾತ್ರಿ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲೂ ಇಲ್ಲ.

ಕಿವಿ ತನಗೆ ಬೇಕಾದ್ದನ್ನು ತುಂಬಿಕೊಳ್ಳುತ್ತದೆ ಅನ್ನುತ್ತಾರಲ್ಲ, ಅದು ಹೇಗೆ?

ಅಮೆರಿಕದ ಮನಶ್ಶಾಸ್ತ್ರಜ್ಞ ರಿಚರ್ಡ್ ವಾರನ್ 1970ರಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ರೆಕಾರ್ಡ್ ಮಾಡಿದ ವಾಕ್ಯದಿಂದ ಒಂದೇ ಒಂದು ಸದ್ದನ್ನು ಕತ್ತರಿಸಿ ಅಲ್ಲಿ ಕೆಮ್ಮನ್ನು ಅಂಟಿಸಿದ್ದರು. ಕೇಳಿದವರಲ್ಲಿ ಬಹುತೇಕ ಯಾರಿಗೂ ಅಕ್ಷರ ಹೋಗಿದೆ ಅನ್ನಿಸಲೇ ಇಲ್ಲ. ಇಡೀ ಪದ ಕೇಳಿಸಿತು, ಹಿಂದೆ ಯಾರೋ ಕೆಮ್ಮಿದರು ಅಷ್ಟೇ ಅಂದರು. ಹೋದ ಅಕ್ಷರವನ್ನು ಮಿದುಳು ತನ್ನ ಉಗ್ರಾಣದಿಂದ ತೆಗೆದು ಇಟ್ಟುಬಿಟ್ಟಿತ್ತು. ಉಗ್ರಾಣದಲ್ಲಿ ಏನಿದೆಯೋ ಅದೇ ತಾನೆ ಹೊರಗೆ ಬರುವುದು? ಐದು ವರ್ಷದವನ ಉಗ್ರಾಣದಲ್ಲಿ ಮಾಮರ ಇರಲಿಲ್ಲ, ರವೆ ಇತ್ತು.

ನಮ್ಮ ಕಾಲದಲ್ಲಿ ಕೆಮ್ಮುವ ಕೆಲಸವನ್ನು ರೇಡಿಯೋವೇ ಮಾಡುತ್ತಿತ್ತು. ಮೀಡಿಯಂ ವೇವ್‌ನಲ್ಲಿ ಹಾಡಿಗಿಂತ ಗರಗರವೇ ಜಾಸ್ತಿ, ಮೋಡ ಕವಿದರೆ ಕೇಳುವುದೇ ಬೇಡ. ಟೇಪ್ ರೆಕಾರ್ಡರಿನಲ್ಲಿ ಸೆಲ್ ಇಳಿದರೆ ರಾಜ್‌ಕುಮಾರ್ ದನಿ ನಿದ್ದೆಗಣ್ಣಿನವರ ದನಿಯಾಗುತ್ತಿತ್ತು. ಕ್ಯಾಸೆಟ್ಟಿನ ಟೇಪು ಸಿಕ್ಕಿಕೊಂಡರೆ ಎಳೆದು, ಪೆನ್ಸಿಲ್ ತೂರಿಸಿ ಸುತ್ತಿ ಮತ್ತೆ ಹಾಕುತ್ತಿದ್ದೆವು. ಸುಕ್ಕಾದ ಆ ಜಾಗದಲ್ಲಿ ಬರುವ ಪದ ಜನ್ಮಕ್ಕೂ ಸರಿಯಾಗಿ ಕೇಳುತ್ತಿರಲಿಲ್ಲ.

ಇನ್ನೊಂದು ಮಾತು, ಹಾಡಲ್ಲದಿದ್ದರೂ. ಆಕಾಶವಾಣಿ ಅನ್ನುವ ಹೆಸರು ನಮ್ಮ ಮೈಸೂರಿನದು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಅಲ್ಲಿ ಶುರುಮಾಡಿದ ಬಾನುಲಿಗೆ ಆ ಹೆಸರಿತ್ತು. ನನ್ನ ತಂಗಿ ಮಾತ್ರ ವಾಣಿ ಅನ್ನುವ ಅಕ್ಕ ಆಕಾಶದಲ್ಲಿ ಕೂತು ವಾರ್ತೆ ಓದುತ್ತಾಳೆ ಅಂದುಕೊಂಡಿದ್ದಳು. ಗಂಡಸಿನ ದನಿ ಬಂದ ದಿನ “ಇವತ್ತು ವಾಣಿಗೆ ರಜ” ಅನ್ನುತ್ತಿದ್ದಳು.

ಸುಪ್ರಭಾತದಲ್ಲಿ ಬೈಗುಳ ಇದೆ ಅಂತ ಯಾರೋ ಹೇಳಿದರು. ಹೌದೇ?

ನಾನೇ ಹೇಳಿದ್ದು. ಎಂ.ಎಸ್. ಸುಬ್ಬುಲಕ್ಷ್ಮಿ ಅವರ ದನಿಯಲ್ಲಿ “ಉತ್ತಿಷ್ಠೋತ್ತಿಷ್ಠ ಗೋವಿಂದ” ಬರುವ ಹೊತ್ತಿಗೆ ನಮ್ಮಮ್ಮ ಹೊದಿಕೆ ಎಳೆಯುತ್ತ “ಇಷ್ಟೊತ್ತು ಮಲಗ್ತಾರೇನೋ” ಅನ್ನುತ್ತಿದ್ದರು. ಎರಡೂ ಒಂದೇ ಸಲ ಕಿವಿಗೆ ಬಿದ್ದು ಹಾಡು “ಇಷ್ಟೊತ್ತು ಇಷ್ಟೊತ್ತು ಗೋವಿಂದ” ಆಯಿತು. ದೇವರಿಗೂ ಬೆಳಿಗ್ಗೆ ಬೈಗುಳ ತಪ್ಪಿದ್ದಲ್ಲ ಅಂತ ಒಂದು ಸಮಾಧಾನ. ಮುಂದೆ ಸಂಸ್ಕೃತ ಕ್ಲಾಸಿನಲ್ಲಿ ಉತ್ತಿಷ್ಠ ಅಂದರೆ ‘ಏಳು’ ಅಂತ ತಿಳಿಯಿತು. ಪದ ಪೂರ್ತಿ ತಪ್ಪು, ಅರ್ಥ ಪೂರ್ತಿ ಸರಿ. ಅಂಥದ್ದು ನನ್ನ ಸಂಗ್ರಹದಲ್ಲಿ ಇದೊಂದೇ.

ಬೇರೆ ಭಾಷೆಯ ಹಾಡುಗಳ ವಿಷಯ?

ಅದು ಸಮುದ್ರ, ದಡದಲ್ಲೇ ನಿಲ್ಲುತ್ತೇನೆ. 1980ರ ‘ಕುರ್ಬಾನಿ’ಯಲ್ಲಿ ನಾಜಿಯಾ ಹಸನ್ ಹಾಡಿದ “ಆಪ್ ಜೈಸಾ ಕೋಯಿ” ಹಾಡಿನ “ಬಾತ್ ಬನ್ ಜಾಯೇ” ದೇಶದ ಅರ್ಧ ಜನಕ್ಕೆ “ಬಾಪ್ ಬನ್ ಜಾಯೇ”. ನೀನು ಬಂದರೆ ಕೆಲಸ ಕೂಡಿಬರುತ್ತದೆ ಅನ್ನುವುದು ನೀನು ಬಂದರೆ ಅಪ್ಪ ಆಗಿಬಿಡುತ್ತೀಯ ಅಂತಾಯಿತು. ಹಾಡಿಗೆ ರಾಗ ಹಾಕಿದ, ‘ಬಿದ್ದು’ ಅನ್ನುವ ಹೆಸರಿನವರು ಬೆಂಗಳೂರಿನಲ್ಲಿ ಹುಟ್ಟಿದ ಕೊಡವರು. ಕೊಡಗಿನ ಕೋಳಿ ಇಲ್ಲದಿದ್ದರೂ ಕೊಡಗಿನ ಕಿವಿತಪ್ಪು ಒಂದು ಸಿಕ್ಕಿತು.

ಮೈಸೂರಿನವರೇ ಆದ ಪ್ರಭುದೇವ ಕುಣಿದ “ಕಲ್ಲೂರಿ ವಾನಿಲ್” ಅನ್ನುವ 2000ದ ತಮಿಳು ಹಾಡಿಗೆ 2007ರಲ್ಲಿ ಒಬ್ಬ ಅಮೆರಿಕನ್, ತನ್ನ ಕಿವಿಗೆ ಕೇಳಿಸಿದ ಇಂಗ್ಲಿಷನ್ನೇ ಕೆಳಗೆ ಬರೆದು ಯೂಟ್ಯೂಬಿಗೆ ಹಾಕಿದ. ತಮಿಳಿನ “ಕಾಯ್ಂದ ನಿಲಾವೋ” ಅವನಿಗೆ “ಬೆನ್ನಿ ಲಾವಾ”. ತಮಿಳು ಬಾರದ ದೇಶಗಳಲ್ಲಿ ಪ್ರಭುದೇವರ ಹೆಸರೇ ಬೆನ್ನಿ ಲಾವಾ ಆಗಿಹೋಯಿತು. ಅಮೆರಿಕದ ಗಾಯಕ ಜಾನ್ ಫೋಗರ್ಟಿ “ಬ್ಯಾಡ್ ಮೂನ್ ಆನ್ ದ ರೈಸ್”, ಕೆಟ್ಟ ಚಂದ್ರ ಮೂಡುತ್ತಿದ್ದಾನೆ, ಅಂತ 1969ರಲ್ಲಿ ಹಾಡಿದ್ದು ಜನರಿಗೆ “ಬಾತ್‌ರೂಮ್ ಆನ್ ದ ರೈಟ್”, ಬಲಗಡೆ ಬಾತ್‌ರೂಮ್ ಇದೆ, ಅಂತ ಕೇಳಿಸಿತು. ಅವರೇ ಆಮೇಲೆ ವೇದಿಕೆಯಲ್ಲಿ ಬೇಕೆಂದೇ ಬಾತ್‌ರೂಮ್ ಅಂತ ಹಾಡಿ ನಗಿಸುತ್ತಿದ್ದರು. ಅಂಥ ದೊಡ್ಡ ಮನಸ್ಸು ಎಲ್ಲ ಗಾಯಕರಿಗೂ ಇರುವುದಿಲ್ಲ.

ತಪ್ಪು ಕೇಳಿಸಿಕೊಂಡು ಫಜೀತಿಯಾದದ್ದು ಇದೆಯೇ?

ನನ್ನ ಚಿಕ್ಕಪ್ಪನ ಮಗನದ್ದು. ಅವನು ಓದಿದ್ದೆಲ್ಲ ಹೊರ ರಾಜ್ಯದಲ್ಲಿ, ಕನ್ನಡ ಮಾತಾಡುತ್ತಾನೆ, ಸಿನಿಮಾ ನೋಡಿದ್ದು ಕಡಿಮೆ. ಚಿಕ್ಕಮ್ಮನ ಅರವತ್ತನೇ ಹುಟ್ಟುಹಬ್ಬಕ್ಕೆ ಅವರಿಗೆ ಇಷ್ಟವಾದ ರಾಜ್‌ಕುಮಾರ್ ಹಾಡು ಹಾಡುತ್ತೇನೆ ಅಂತ ಮೈಕ್ ಹಿಡಿದ. “ಯಾರೇ ಕೂಗಾಡಲಿ ಊರೇ ಹೋರಾಡಲಿ” ಅಂತ ಶುರುವಾಯಿತು, ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವನು ಕಣ್ಣು ಮುಚ್ಚಿ, ತುಂಬು ಪ್ರೀತಿಯಿಂದ, “ಅಮ್ಮಾ ನಿನಗೆ ಸಾಟಿಯಿಲ್ಲ” ಅಂತ ಎಳೆದ. 1974ರ ‘ಸಂಪತ್ತಿಗೆ ಸವಾಲ್’ನಲ್ಲಿ ರಾಜ್‌ಕುಮಾರ್ ಎಮ್ಮೆಯ ಬೆನ್ನ ಮೇಲೆ ಕೂತು ಎಮ್ಮೆಗೇ ಹೇಳುವ ಹಾಡು ಅದು. ಮೂಲದಲ್ಲಿ ಇರುವುದು “ಎಮ್ಮೆ ನಿನಗೆ ಸಾಟಿಯಿಲ್ಲ”.

ಹಾಲಿನಲ್ಲಿ ನಗು ಸಿಡಿಯಿತು. ಚಿಕ್ಕಮ್ಮ ಮಾತ್ರ ಸೆರಗಿನಲ್ಲಿ ಕಣ್ಣೊರೆಸಿಕೊಂಡು “ನಗಬೇಡ್ರೋ, ಪೂರ್ತಿ ಹಾಡಲಿ” ಅಂದರು. ಪೂರ್ತಿ ಹಾಡಿದ. ಯಾರು ಕಿರುಚಿದರೂ ಅಮ್ಮನ ನೆಮ್ಮದಿಗೆ ಭಂಗವಿಲ್ಲ ಅನ್ನುವುದು ನಮ್ಮ ಚಿಕ್ಕಮ್ಮನ ಮಟ್ಟಿಗೆ ಅಕ್ಷರಶಃ ನಿಜ.

ಸರಿಯಾದ ಸಾಹಿತ್ಯ ಎಲ್ಲಿ ಸಿಗುತ್ತದೆ?

ಅಂತರ್ಜಾಲದಲ್ಲಿ ಹುಡುಕಿದರೆ ಸಿಗುವುದು ಹೆಚ್ಚಿನದು ನಮ್ಮ ನಿಮ್ಮಂಥವರೇ ಕೇಳಿ ಟೈಪು ಮಾಡಿದ್ದು. ಒಬ್ಬರ ಕಿವಿತಪ್ಪನ್ನು ಇನ್ನೊಬ್ಬರು ನಕಲು ಮಾಡಿ, ಹತ್ತು ಕಡೆ ಒಂದೇ ತಪ್ಪು ಇದ್ದರೆ ಅದೇ ಸರಿ ಅನ್ನಿಸಿಬಿಡುತ್ತದೆ. ಹಿಂದೆ ಬಸ್‌ಸ್ಟ್ಯಾಂಡಿನಲ್ಲಿ, ಟಾಕೀಸಿನ ಮುಂದೆ ಮಾರುತ್ತಿದ್ದ ತೆಳ್ಳನೆಯ ಹಾಡಿನ ಪುಸ್ತಕಗಳಲ್ಲಿ ಅಚ್ಚಿನ ತಪ್ಪು ಹೇರಳವಾಗಿ ಇರುತ್ತಿದ್ದವು, ಆದರೂ ಅವು ವಾಸಿ. ಭಾವಗೀತೆಯಾದರೆ ಕವಿಯ ಸಂಕಲನವನ್ನೇ ತೆರೆಯಿರಿ. ದಾಸರ ಪದಗಳಿಗೆ ಒಂದಕ್ಕಿಂತ ಹೆಚ್ಚು ಪಾಠಗಳಿವೆ, ಅಲ್ಲಿ ನಿಮ್ಮ ಅಜ್ಜಿ ಹಾಡುವುದನ್ನು ತಪ್ಪು ಅನ್ನುವ ಮೊದಲು ಎರಡು ಪುಸ್ತಕ ನೋಡಿ.

ಮಕ್ಕಳು ತಪ್ಪು ಹಾಡಿದರೆ ತಿದ್ದಬೇಕೇ?

ಮೊದಲು ಬರೆದಿಟ್ಟುಕೊಳ್ಳಿ. ಆಮೇಲೆ ನಿಮ್ಮಿಷ್ಟ.

ಬೇಕೆಂದೇ ತಪ್ಪು ಹಾಡುವವರೂ ಇರುತ್ತಾರೆಯೇ?

ಅದಕ್ಕೆ ಅಣಕವಾಡು ಅನ್ನುವ ಹೆಸರೇ ಇದೆ. ಅಣಕಿಸುವವನಿಗೆ ಮೂಲ ಗೊತ್ತಿರುತ್ತದೆ, ಕಿವಿತಪ್ಪಿನವನಿಗೆ ಗೊತ್ತಿರುವುದಿಲ್ಲ. ಈ ಗೆರೆ ಸ್ಪಷ್ಟವಾಗಿದೆ ಅಂತ ನಾನು ಬಹಳ ದಿನ ನಂಬಿದ್ದೆ.

ನಮ್ಮಮ್ಮ ಶುಕ್ರವಾರ ಸಂಜೆ ದೀಪ ಹಚ್ಚಿ ಭಾಗ್ಯದ ಲಕ್ಷ್ಮಿಯನ್ನು ಕರೆಯುತ್ತಾರೆ. ಅದರಲ್ಲಿ “ಅತ್ತಿತ್ತಗಲದೆ ಭಕ್ತರ ಮನೆಯಲಿ” ಅನ್ನುವ ಸಾಲಿದೆ. ಅತ್ತ ಇತ್ತ ಅಗಲದೆ ಇಲ್ಲೇ ಇರು ತಾಯಿ ಅಂತ ಬೇಡುವುದು. ಅಮ್ಮ ಅದನ್ನು “ಅತ್ತೆ ತಗಲದೆ ಭಕ್ತರ ಮನೆಯಲಿ” ಅಂತ ಹಾಡುತ್ತಾರೆ. ನಾನು ಹುಟ್ಟಿದಾಗಿನಿಂದ ಹಾಗೇ ಕೇಳಿದ್ದೇನೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲೇ ಇದೆ, ‘ಅಮ್ಮ, ಕಿವಿತಪ್ಪು’ ಅಂತ. ಮೊನ್ನೆ ದೀಪಾವಳಿಗೆ ಊರಿಗೆ ಹೋದಾಗ ದೊಡ್ಡ ಪಂಡಿತನ ಹಾಗೆ ಸಂಧಿ ಬಿಡಿಸಿ ತೋರಿಸಿದೆ. ಅಮ್ಮ ಬತ್ತಿ ಹೊಸೆಯುತ್ತ ಪೂರ್ತಿ ಕೇಳಿಸಿಕೊಂಡರು.

“ಗೊತ್ತು ಕಣೋ. ನಿಮ್ಮಜ್ಜಿ ಆ ಕಂಬಕ್ಕೆ ಒರಗಿಕೊಂಡು ಕೂತಿರ್ತಿದ್ರಲ್ಲ, ಆಗಿನಿಂದಲೂ ಹಾಗೇ ಹಾಡ್ತಿರೋದು. ಒಂದು ದಿನಾನೂ ಅವರಿಗೆ ಕೇಳಿಸಲಿಲ್ಲ ನೋಡು.”